ಈಸ್ಟಿನ ಮನೆಯ ಮಂಜ

(ಹಾಸನದ ಒಂದು ಬೇಕರಿ. ರಾಮಣ್ಣ ಬ್ರೆಡ್ಡಿನ ಹಿಟ್ಟು ನಾದುತ್ತಿದ್ದಾರೆ. ತಂಗಿಯ ಮಗಳು ಪೂರ್ಣಿ ಎಂ.ಎಸ್ಸಿ. ಪರೀಕ್ಷೆಗೆ ಓದುತ್ತಿದ್ದಾಳೆ. ಮಂಜ ಕೌಂಟರಿನಲ್ಲಿ.)

ರಾಮಣ್ಣ: ಏನೇ ಅದು ಬೆಳಿಗ್ಗೆಯಿಂದ, ಫಾಸ್ಫೋಲಿಪಿಡ್ಡು ಫಾಸ್ಫೋಲಿಪಿಡ್ಡು ಅಂತ ಜಪ?

ಪೂರ್ಣಿ: ಒಂಥರಾ ಕೊಬ್ಬು ಮಾವ. ನೀವು ನಾದ್ತಿರೋ ಹಿಟ್ಟಿನ ಈಸ್ಟಿಗೂ ಇದೆ. ಜೀವಕೋಶದ ಪೊರೆ ಆಗೋದೇ ಅದರಿಂದ.

ರಾಮಣ್ಣ: ಕೊಬ್ಬು ನಮ್ಮ ಮಂಜನಿಗೂ ಇದೆ. ಅದಕ್ಕೆ ಎಂ.ಎಸ್ಸಿ. ಯಾಕೆ?

ಪೂರ್ಣಿ: ಬರೀ ಗೋಡೆಯಾಗಿ ನಿಂತಿರಲ್ಲ ಮಾವ, ಯಾವ ಜೀನ್ ಕೆಲಸ ಮಾಡಬೇಕು, ಯಾವುದು ಸುಮ್ನಿರಬೇಕು ಅಂತ ಸುದ್ದಿನೂ ಮುಟ್ಟಿಸುತ್ತೆ. ಈಸ್ಟಲ್ಲಿ ಓಪಿ-1 ಅಂತ ಒಂದು ಪ್ರೊಟೀನ್. ಪೊರೆಯಲ್ಲಿ ಫಾಸ್ಫಾಟಿಡಿಕ್ ಆಮ್ಲ ಅನ್ನೋ ಫಾಸ್ಫೋಲಿಪಿಡ್ ಇರೋವರೆಗೂ ಅದಕ್ಕೇ ಅಂಟ್ಕೊಂಡಿರುತ್ತೆ. ಆಗ ಕೋಶಕೇಂದ್ರದೊಳಗೆ ಐನೋ-1 ಅನ್ನೋ ಜೀನ್ ನಿರಾತಂಕ. ಇನಾಸಿಟಾಲ್ ತಯಾರಾಗ್ತಾನೇ ಇರುತ್ತೆ.

ರಾಮಣ್ಣ: ಅದು ಯಾತಕ್ಕೆ?

ಪೂರ್ಣಿ: ಇನ್ನೊಂದು ಫಾಸ್ಫೋಲಿಪಿಡ್ ಕಟ್ಟೋಕೆ. ಈಗ ಇನಾಸಿಟಾಲ್ ಹೊರಗಿಂದ ಪುಕ್ಕಟೆ ಸಿಕ್ತು ಅನ್ನಿ. ಕಟ್ಟೋ ಕೆಲಸ ಜೋರಾಗಿ ಫಾಸ್ಫಾಟಿಡಿಕ್ ಆಮ್ಲ ಖರ್ಚಾಗುತ್ತೆ. ಹಿಡ್ಕೊಳ್ಳೋಕೆ ಏನೂ ಉಳಿಯಲ್ಲ. ಓಪಿ ಸೀದಾ ಕೋಶಕೇಂದ್ರಕ್ಕೆ ಹೋಗಿ ಐನೋ-1 ಬಂದ್ ಮಾಡುತ್ತೆ. 2004ರಲ್ಲೇ 'ಸೈನ್ಸ್' ಪತ್ರಿಕೆಯಲ್ಲಿ ಬಂದಿದೆ.

ರಾಮಣ್ಣ: ನಮ್ಮ ಮಂಜನೇ ಅದು! ಕೌಂಟರಲ್ಲಿ ಬೆಣ್ಣೆ ಬಿಸ್ಕತ್ ಇರೋವರೆಗೂ ಅಲ್ಲೇ ಅಂಟ್ಕೊಂಡಿರ್ತಾನೆ. ಖಾಲಿಯಾಯ್ತೋ, ಒಳಗೆ ಬಂದು ಓವನ್ ಆರಿಸಿ, "ಇವತ್ತಿಗೆ ಸಾಕಣ್ಣಾ" ಅಂತಾನೆ.

ಮಂಜ: ಮುರಿದಿದ್ದು ಮಾತ್ರ ತಿನ್ನೋದಣ್ಣಾ.

ರಾಮಣ್ಣ: ಮುರಿಯೋನೂ ನೀನೇ.

ಪೂರ್ಣಿ: ಇನ್ನೂ ಕೇಳಿ. 2010ರಲ್ಲಿ ಗೊತ್ತಾಗಿದ್ದು: ಗ್ಲೂಕೋಸ್ ಸಿಗದೆ ಈಸ್ಟ್ ಉಪವಾಸ ಬಿದ್ರೆ ಕೋಶದೊಳಗೆ ಹುಳಿ ಏರುತ್ತೆ. ಆಗ ಫಾಸ್ಫಾಟಿಡಿಕ್ ಆಮ್ಲ ಅಲ್ಲೇ ಇದ್ರೂ ಓಪಿಯ ಹಿಡಿತ ಸಡಿಲವಾಗುತ್ತೆ.

ರಾಮಣ್ಣ: ಬಿಸ್ಕತ್ ಇದೆ, ಮೆತ್ತಗಾಗಿದೆ. ಇವನು ಮುಟ್ಟಲ್ಲ. ಸರಿ, ಈ ಓಪಿನ ಕೆಲಸದಿಂದ ತೆಗೆದ್ರೆ?

ಪೂರ್ಣಿ: ತೆಗೆದೂ ನೋಡಿದಾರೆ. ತಡೆಯೋರಿಲ್ಲದೆ ಈಸ್ಟ್ ಇನಾಸಿಟಾಲ್ ಮಾಡಿ ಮಾಡಿ ಹೊರಗೂ ಚೆಲ್ಲುತ್ತೆ.

ರಾಮಣ್ಣ: (ಕಣ್ಣರಳಿಸಿ) ಆಹಾ, ಅಷ್ಟೊಂದು ಮಾಲು! ಮಂಜಾ, ಬಾರಪ್ಪ ಇಲ್ಲಿ. ನಿನ್ನ ಲೆಕ್ಕ ಚುಕ್ತಾ ಮಾಡ್ಬಿಡೋಣ.

ಮಂಜ: ಮಾಡಿ ಅಣ್ಣಾ. ಮೂರು ತಿಂಗಳ ಸಂಬಳ ಬಾಕಿ ಇದೆ.

ರಾಮಣ್ಣ: (ಹಿಟ್ಟಿನ ಕಡೆ ತಿರುಗಿ) ಪೂರ್ಣೀ, ಓದ್ಕೊಳ್ಳೇ. ಪರೀಕ್ಷೆ ಹತ್ರ ಬಂತು.