ಗೇಮಣ್ಣನ ಅಟ್ಟಣೆ

ನಮ್ಮ ಗುಮ್ಮಳಾಪುರದ ಗೇಮಣ್ಣನಿಗೆ ನಲವತ್ತಾರು ತುಂಬಿದೆ. ಹೆಸರು ಬೇರೆ ಇದೆ, ನಮ್ಮೂರು ಗಡಿಯಾಚೆ ತಮಿಳುನಾಡಿಗೆ ಸೇರಿದ್ದರಿಂದ ಪಡಿತರ ಚೀಟಿಯಲ್ಲಿ ತಮಿಳಿನಲ್ಲಿ ಅಚ್ಚಾಗಿದೆ. ನಿಮಗೆ ಬೇಡ, ಯಾಕೆಂದರೆ ನಿಮ್ಮೂರಲ್ಲೂ ಒಬ್ಬ ಗೇಮಣ್ಣ ಇದ್ದೇ ಇರುತ್ತಾನೆ. ಎರಡೆಕರೆ ರಾಗಿ, ಅರ್ಧ ಎಕರೆ ಟೊಮೆಟೊ, ಎರಡು ಸೀಮೆಹಸು, ಹೊಸೂರಿನ ಕಾಲೇಜಿಗೆ ಹೋಗುವ ಮಗ, ಮಂಡಿನೋವು. ಮನುಷ್ಯ ದೊಡ್ಡವನಾದ ಎನ್ನಲು ಇದಕ್ಕಿಂತ ಹೆಚ್ಚಿನ ದಾಖಲೆ ಯಾವ ಕಚೇರಿಯೂ ಕೇಳುವುದಿಲ್ಲ. ಆದರೂ ಊರು ಅವನನ್ನು ದೊಡ್ಡವರ ಲೆಕ್ಕಕ್ಕೆ ಹಿಡಿದಿಲ್ಲ. ಅವನು ಮೊಬೈಲನ್ನು ಅಡ್ಡ ಹಿಡಿಯುತ್ತಾನೆ, ಅದಕ್ಕೆ.

ಮೊಬೈಲ್ ಉದ್ದಕ್ಕೆ ಹಿಡಿದವನು ಗೃಹಸ್ಥ. ಅವನು ಮೂರು ಗಂಟೆ ರೀಲ್ಸ್ ತಳ್ಳಲಿ, ವಾಟ್ಸಾಪಿನಲ್ಲಿ ಜಗಳವಾಡಲಿ, ಕೆಲಸದಲ್ಲಿದ್ದಾನೆ ಎಂದೇ ಅರ್ಥ. ಅಡ್ಡ ಹಿಡಿದು ಎರಡು ಹೆಬ್ಬೆರಳು ಆಡಿಸಿದನೋ, ಕೆಟ್ಟ. "ಇಷ್ಟು ವಯಸ್ಸಾಯ್ತು, ಇನ್ನೂ ಹುಡುಗಾಟ" ಎನ್ನುತ್ತದೆ ಕಟ್ಟೆ. ಹಾಗೆನ್ನುವಾಗ ಕಟ್ಟೆಯ ಕೈಯಲ್ಲಿ ಇಸ್ಪೀಟೆಲೆ ಇರುತ್ತದೆ.

ಗೇಮಣ್ಣನ ಪತನ ಶುರುವಾದದ್ದು ನೋಕಿಯಾ ಫೋನಿನ ಹಾವಿನಿಂದ. ಲಾಕ್‌ಡೌನಿನಲ್ಲಿ ಮಗನ ಫೋನು ಕೈಗೆ ಬಂತು, ಪಬ್ಜಿ ಪರಿಚಯವಾಯಿತು. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಅದನ್ನೂ ಸೇರಿಸಿ 118 ಆ್ಯಪ್‌ಗಳನ್ನು ನಿಷೇಧಿಸಿದಾಗ ಕಟ್ಟೆಯ ಮೇಲೆ ಅವನೇ ಎಲ್ಲರಿಗಿಂತ ಜೋರಾಗಿ ಚೀನಾವನ್ನು ಬೈದ. ಮನೆಯೊಳಗೆ ಸೂತಕ. ಮರುವರ್ಷ ಜುಲೈನಲ್ಲಿ ಅದೇ ಆಟ ಬಿಜಿಎಂಐ ಎಂಬ ಹೆಸರಿನಲ್ಲಿ ಮರುಹುಟ್ಟು ಪಡೆಯಿತು. 2022ರ ಜುಲೈನಲ್ಲಿ ಮತ್ತೆ ಮಾಯ. 2023ರ ಮೇ ತಿಂಗಳಲ್ಲಿ ಮತ್ತೆ ಪ್ರತ್ಯಕ್ಷ. ಇಷ್ಟು ಸಲ ಸತ್ತು ಹುಟ್ಟಿದ್ದನ್ನು ದೇವರೆನ್ನದೆ ಏನೆನ್ನಲಿ ಎಂದು ಅವನ ವಾದ.

ಅವನ ತಂಡದಲ್ಲಿ ಮೂವರು: ಆನೇಕಲ್ಲಿನವನೊಬ್ಬ, ದಾವಣಗೆರೆಯವನೊಬ್ಬ, ಎಲ್ಲಿಯವನೆಂದು ಹೇಳದವನೊಬ್ಬ. ಎಲ್ಲರಿಗೂ ಇಪ್ಪತ್ತರ ಆಸುಪಾಸು. ಅವನನ್ನು "ಅಂಕಲ್ ಬ್ರೋ" ಎನ್ನುತ್ತಾರೆ. ಡೆಂಕಣಿಕೋಟೆಯ ತಾಲೂಕು ಕಚೇರಿಗೆ ಹೋಗುವ ದಾರಿ ಇಬ್ಬರನ್ನು ಕೇಳುವ ಗೇಮಣ್ಣ, ಆಟದೊಳಗಿನ ಪೊಚಿಂಕಿ ಎಂಬ ಊರಿನಲ್ಲಿ ಯಾವ ಮನೆಯ ಮಾಳಿಗೆಯಲ್ಲಿ ಬಂದೂಕು ಸಿಗುತ್ತದೆಂದು ಕಣ್ಣು ಮುಚ್ಚಿ ಹೇಳುತ್ತಾನೆ. ಗೆದ್ದಾಗ ಪರದೆಯ ಮೇಲೆ ಕೋಳಿಯೂಟದ ಘೋಷಣೆ ಬರುತ್ತದಲ್ಲ, ಮೊಟ್ಟೆಯನ್ನೂ ಮುಟ್ಟದ ಲಿಂಗಾಯತರ ಮನೆಯಲ್ಲಿ ನಡುರಾತ್ರಿ "ಚಿಕನ್ ಡಿನ್ನರ್!" ಎಂದು ಕೂಗಿದ. ವಿಭೂತಿ ಹಚ್ಚಿಕೊಂಡು ಮಲಗಿದ್ದ ಅವನ ತಾಯಿ ಎದ್ದು ಕೂತು, "ಯಾರ ಮನೇಲಿ ಉಂಡು ಬಂದ್ಯೋ, ನಿಜ ಹೇಳು" ಎಂದರಂತೆ.

ಈ ಊರಿನಲ್ಲಿ ಬೇಟೆಗೆ ಇತಿಹಾಸವಿದೆ ಎಂದು ಅವನು ನನ್ನ ಹತ್ತಿರ ಆಗಾಗ ಹೇಳುತ್ತಾನೆ. ಸುಳ್ಳಲ್ಲ. ತೇಜಸ್ವಿಯವರು ಕನ್ನಡಕ್ಕೆ ತಂದ ಅದೇ ಬೇಟೆಗಾರ ಕೆನೆತ್ ಆಂಡರ್ಸನ್, 1954ರಲ್ಲಿ ಬಂದ ತನ್ನ ಮೊದಲ ಪುಸ್ತಕದಲ್ಲಿ ಗುಮ್ಮಳಾಪುರದ ನರಭಕ್ಷಕ ಚಿರತೆಗೆಂದೇ ಒಂದು ಅಧ್ಯಾಯ ಕೊಟ್ಟಿದ್ದಾನೆ. ಅವನ ಲೆಕ್ಕದಲ್ಲಿ ಅದು ಕೊಂದದ್ದು 42 ಜನರನ್ನು. ಕತ್ತಲಾದರೆ ಜನ ಬಾಗಿಲು ತೆಗೆಯುತ್ತಿರಲಿಲ್ಲ. ಗೇಮಣ್ಣನೂ ಕತ್ತಲಾದರೆ ಬಾಗಿಲು ತೆಗೆಯುವುದಿಲ್ಲ. ತಟ್ಟಿದರೆ "ತಡಿ, ಎನಿಮಿ ಅವ್ನೆ" ಎನ್ನುತ್ತಾನೆ.

ಗಂಡ ಹೆಂಡತಿ ಇಬ್ಬರೂ ಪೇಪರು ಓದುವವರು, ಅದೇ ತೊಂದರೆ. 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಇ-ಸ್ಪೋರ್ಟ್ಸ್‌ಗೆ ಪದಕ ಕೊಟ್ಟರು ಎಂದು ಅವನು ತುಣುಕು ಕತ್ತರಿಸಿಟ್ಟ. ಆಟದ ಚಟವನ್ನು ವಿಶ್ವ ಆರೋಗ್ಯ ಸಂಸ್ಥೆ ರೋಗಗಳ ಪಟ್ಟಿಗೆ ಸೇರಿಸಿದೆ, 2022ರ ಜನವರಿಯಿಂದ ಜಾರಿಗೆ ಬಂದಿದೆ ಎಂದು ಆಕೆ ಇನ್ನೊಂದು ಕತ್ತರಿಸಿದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದಲೇ ಇಂಥವರಿಗೊಂದು ಚಿಕಿತ್ಸಾಲಯವಿದೆ. "ಹೊಸೂರಲ್ಲಿ ಬಸ್ ಹತ್ತಿದ್ರೆ ಸೀದಾ ಅದರ ಮುಂದೇನೇ ಹೋಗ್ತದೆ, ಬಸ್ ಬದಲಾಯಿಸೋ ಕಷ್ಟಾನೂ ಇಲ್ಲ ಕಣ್ರೀ" ಎಂದು ಆಕೆ ಸಮಾಧಾನದಿಂದಲೇ ಹೇಳುತ್ತಾರೆ.

ನನಗೆ ಗೇಮಣ್ಣನ ಮೇಲೆ ಗೌರವ ಹುಟ್ಟಿದ್ದು ಮೊಬೈಲಿನಲ್ಲಿ ರಮ್ಮಿ ಆಡುವವರಿಂದ. ದುಡ್ಡಿಟ್ಟು ಆಡುವ ಆನ್‌ಲೈನ್ ಆಟಕ್ಕೆ ನಡುರಾತ್ರಿ ಹನ್ನೆರಡರಿಂದ ಬೆಳಗಿನ ಐದರವರೆಗೆ ಬಿಡುವು ಎಂದು ತಮಿಳುನಾಡು 2025ರಲ್ಲಿ ನಿಯಮ ತಂದಿತು, ಮದ್ರಾಸ್ ಹೈಕೋರ್ಟೂ ಸರಿ ಎಂದಿತು. ಗಡಿ ಇರುವುದೇ ಪಕ್ಕದಲ್ಲಿ. ಬೈಕ್ ಹತ್ತಿ ಕರ್ನಾಟಕದ ಕಡೆ ಒಂದು ಹುಣಸೆಮರದ ಕೆಳಗೆ ಕೂತು ಲಾಗಿನ್ ಆಗಲು ನೋಡಿದ ಹಿರಿಯರನ್ನು ನಾನೇ ಬಲ್ಲೆ; ಸೊಳ್ಳೆ ಕಚ್ಚಿಸಿಕೊಂಡದ್ದೇ ಲಾಭ. ಅದೇ ವರ್ಷದ ಆಗಸ್ಟಿನಲ್ಲಿ ಕೇಂದ್ರದ ಕಾನೂನು ಬಂತು: ದುಡ್ಡಿನ ಆಟ ದೇಶಕ್ಕೆಲ್ಲ ಬಂದ್, ಇ-ಸ್ಪೋರ್ಟ್ಸ್‌ಗೆ ಪ್ರೋತ್ಸಾಹ. ಹಸು ಮಾರಿ ಸೋತವರನ್ನು ಊರು "ಯಜಮಾನ್ರು" ಎಂದೇ ಕರೆಯಿತು. ನಿದ್ದೆಯೊಂದನ್ನು ಬಿಟ್ಟು ಬೇರೇನನ್ನೂ ಪಣಕ್ಕಿಡದ ಗೇಮಣ್ಣ ಹುಡುಗಾಟದವನಾದ. ನನಗಂತೂ ಈ ನ್ಯಾಯ ಒಪ್ಪಿಗೆಯಿಲ್ಲ. ಧರ್ಮರಾಯ ಪಗಡೆಗೆ ಏನೇನು ಪಣವಿಟ್ಟ ಎಂಬುದು ಎಲ್ಲರಿಗೂ ಗೊತ್ತು. ಆದರೂ ಅವನು ಧರ್ಮರಾಯನೇ.

ರಾಗಿ ತೆನೆಗಟ್ಟಿದಾಗ ಜವಳಗಿರಿ ಕಾಡಿನಿಂದ ಆನೆಗಳು ಇಳಿಯುತ್ತವೆ. ಹೊಲದಲ್ಲಿ ಅಟ್ಟಣೆ ಕಟ್ಟಿ ಸರದಿಯ ಮೇಲೆ ಕಾಯಬೇಕು. ಅಟ್ಟಣೆಯ ಮೇಲೆ ಸಿಗ್ನಲ್ ಚೆನ್ನಾಗಿ ಸಿಗುವುದರಿಂದ ಗೇಮಣ್ಣ ಎಲ್ಲರ ಸರದಿಯನ್ನೂ ತಾನೇ ಕೇಳಿ ಪಡೆದ. ಊರು ಮೆಚ್ಚಿತು. ಮೂರನೆಯ ರಾತ್ರಿ ಎರಡು ಗಂಟೆಗೆ ಅಟ್ಟಣೆಯಿಂದ, "ಬಂತು ಬಂತು! ಹಿಂದ್ಗಡೆಯಿಂದ ಬಂತು, ಓಡ್ರೋ!" ಎಂಬ ಕೂಗು. ಪಟಾಕಿ, ತಮಟೆ, ಟಾರ್ಚು ಹಿಡಿದು ಊರಿಗೆ ಊರೇ ಓಡಿತು. ಬಂದದ್ದು ಆನೆಯಲ್ಲ, ಆಟದೊಳಗೆ ಸುತ್ತಲಿಂದ ಮುತ್ತಿಬರುವ ನೀಲಿ ಜೋನು. ಗಲಾಟೆಗೆ ಬೆದರಿದ ಅವನು ನಾಕ್ ಆದ, ದಾವಣಗೆರೆಯ ಹುಡುಗನೂ ಸತ್ತ.

ಮಾರನೆಯ ದಿನ ಪಂಚಾಯ್ತಿ. ಅವನ ತಾಯಿ ಪರವಾಗಿ ನಿಂತರು. ಅವರ ಮನಸ್ಸು ಯಾಕೆ ಬದಲಾಯಿತೆಂದು ಆಮೇಲೆ ತಿಳಿಯಿತು: ಮೊಮ್ಮಗ ಕ್ಯಾಂಡಿ ಕ್ರಶ್ ಹಾಕಿಕೊಟ್ಟಿದ್ದಾನೆ, ಸಂಜೆ ದೀಪ ಹಚ್ಚಿದ ಮೇಲೆ ಎಪ್ಪತ್ತೆರಡರ ಅಜ್ಜಿಯೂ ಹೆಬ್ಬೆರಳು ಆಡಿಸುತ್ತಾರೆ, ಮುಗಿದಾಗ "ಲೋ ಮಗಾ, ಒಂದು ಲೈಫ್ ಕಳ್ಸೋ" ಎನ್ನುತ್ತಾರೆ. ಹೆತ್ತು ಜೀವ ಕೊಟ್ಟವಳು ಕೇಳುವಾಗ ಇಲ್ಲವೆನ್ನುವುದು ಹೇಗೆ?

ಕೊನೆಗೆ ಪಂಚಾಯ್ತಿ ಆಟ ನಿಲ್ಲಿಸಲಿಲ್ಲ, ವ್ಯಾಕರಣ ತಿದ್ದಿತು. ನಿದ್ದೆಗೆಡುವ ಕಾವಲುಗಾರ ಇನ್ನೊಬ್ಬ ಸಿಗಬೇಕಲ್ಲ. ಹಾಗಾಗಿ, ಮಾರ್ಗಶಿರದ ಚಳಿಯಲ್ಲಿ ನಮ್ಮೂರಿಗೆ ನೆಂಟರಾಗಿ ಬಂದವರಿಗೆ ಒಂದು ಮಾತು: ರಾತ್ರಿ ಅಟ್ಟಣೆಯಿಂದ "ಬಂದ" ಎಂದು ಕೇಳಿಸಿದರೆ ಎನಿಮಿ, ಮಗ್ಗುಲು ಬದಲಿಸಿ ಮಲಗಿ. "ಜೋನ್" ಎಂದರೂ ಮಲಗಿ. ಬರೀ "ಬಂತು" ಎಂದರೆ ಮಾತ್ರ ಚಪ್ಪಲಿ ಹುಡುಕುತ್ತಾ ನಿಲ್ಲಬೇಡಿ.