ಅಸೆಂಬ್ಲಿಗೆ ನಿಲ್ಲದ ಬಿಲ್ಡಣ್ಣ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ಒಂದೊಂದು ಅಸೆಂಬ್ಲಿ ಕ್ಷೇತ್ರ. ಈ ನಾಲ್ಕರಲ್ಲೂ ಒಮ್ಮೆಯೂ ಚುನಾವಣೆಗೆ ನಿಲ್ಲದೆ, ಠೇವಣಿ ಕಟ್ಟದೆ, ಅಸೆಂಬ್ಲಿಯನ್ನು ಕೈಯಲ್ಲಿಟ್ಟುಕೊಂಡವನೊಬ್ಬ ಇದ್ದಾನೆ. ಅವನು ಮಾಡುವುದು ಕಂಪ್ಯೂಟರ್ ಅಸೆಂಬ್ಲಿ. ಹುಡುಗರ ಬಾಯಲ್ಲಿ ಅದು ‘ಬಿಲ್ಡ್’, ಹಾಗಾಗಿ ಇವನು ಬಿಲ್ಡಣ್ಣ. ಅಸಲಿ ಹೆಸರು ರೇಷನ್ ಕಾರ್ಡಿನಲ್ಲಿದೆ, ಬೇರೆಲ್ಲೂ ಬಳಕೆಯಲ್ಲಿಲ್ಲ.

ಒಬ್ಬ ಎಂದೆನಲ್ಲ, ತಪ್ಪು. ತಾಲ್ಲೂಕಿಗೊಬ್ಬ ಇದ್ದಾನೆ. ಶಿರಾದವನದು ದರ್ಬಾರು. ಮೊಘಲರ ಸುಬಾ ಆಗಿದ್ದ ಊರಿನ ಗತ್ತು ಎಲ್ಲಿ ಹೋಗುತ್ತದೆ? ಊರು ಹೆದ್ದಾರಿಯ ಮೇಲಿದೆ, ಕೊರಿಯರ್ ಬೇಗ ಬರುತ್ತದೆ ಎಂಬ ಹೆಚ್ಚುಗಾರಿಕೆ ಬೇರೆ. ಕೊರಟಗೆರೆಯವನು ನಾಟಿ ವೈದ್ಯರ ಪೈಕಿ. ಸಿದ್ಧರಬೆಟ್ಟದ ಗಿಡಮೂಲಿಕೆಯ ಗಾಳಿ ಕುಡಿದು ಬೆಳೆದವನಾದ್ದರಿಂದ ಮದ್ದು ಯಾವುದೆಂದು ಬಾಯಿ ಬಿಡುವುದಿಲ್ಲ. ಕ್ಯಾಬಿನೆಟ್ಟನ್ನು ಒಳಗೊಯ್ದು ಪರದೆ ಎಳೆದನೆಂದರೆ ಹತ್ತು ನಿಮಿಷಕ್ಕೆ ಗುಣ. (ರ‍್ಯಾಮಿನ ಹೊಂಬಣ್ಣದ ಅಂಚನ್ನು ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಉಜ್ಜುತ್ತಾನೆ, ಅಷ್ಟೆ. ನಾನು ಹೇಳಿದೆ ಅನ್ನಬೇಡಿ.) ಪಾವಗಡದವನು ತೆಲುಗಿನಲ್ಲಿ ಬೈದು ಕನ್ನಡದಲ್ಲಿ ರಿಪೇರಿ ಮಾಡುತ್ತಾನೆ. ಮೂರು ಕಡೆಯೂ ಆಂಧ್ರ ಇರುವ ತಾಲ್ಲೂಕು, ಗಿರಾಕಿಗಳಿಗೆ ಎರಡೂ ಅರ್ಥವಾಗುತ್ತದೆ.

ನನಗೆ ಹತ್ತಿರದಿಂದ ಗೊತ್ತಿರುವುದು ಮಧುಗಿರಿಯವನು. ಬಸ್ ಸ್ಟ್ಯಾಂಡಿನ ಹಿಂದೆ ಅಂಗಡಿ. ಬೋರ್ಡಿನಲ್ಲಿ ಜೆರಾಕ್ಸ್, ಪಹಣಿ, ಲ್ಯಾಮಿನೇಷನ್ ಎಲ್ಲ ದೊಡ್ಡ ಅಕ್ಷರದಲ್ಲಿವೆ. ಕೊನೆಯಲ್ಲಿ ಜಾಗ ಸಾಲದೆ ‘ಗೇಮಿಂಗ್ ಪಿಸಿ’ ಎಂಬುದು ಸಣ್ಣದಾಗಿ ಮುದುರಿಕೊಂಡಿದೆ. ಪಹಣಿಗೆ ಬಂದ ರೈತರು ಕಾಯುತ್ತ ಕೂತಿರುತ್ತಾರೆ, ಬಿಲ್ಡಣ್ಣ ಫೋನಿನಲ್ಲಿ ಯಾರಿಗೋ, “ಕೂಲರ್ ತಳದಾಗೆ ಪ್ಲಾಸ್ಟಿಕ್ ಅಂಟ್ಸಿರ್ತಾರೆ, ಅದ್ನ ಕಿತ್ತಿದ್ಯಾ? ಕಿತ್ತಿಲ್ವಾ? ಇನ್ನೇನು ಮಧುಗಿರಿ ಬಂಡೆ ಕಾದಂಗೆ ಕಾಯ್ದೆ ತಣ್ಣಗಿರ್ತದಾ ಪ್ರೊಸೆಸರ್ರು?” ಎಂದು ಗದರುತ್ತಿರುತ್ತಾನೆ.

ಇವನನ್ನು ಕಂಡಾಗಲೆಲ್ಲ ನನಗೆ ನಮ್ಮೂರಿನ ಒಬ್ಬ ತಾತ ನೆನಪಾಗುತ್ತಾರೆ. ಸಿದ್ಧಗಂಗೆಯ ದನದ ಜಾತ್ರೆಗೆ ಆ ತಾತನಿಲ್ಲದೆ ನಮ್ಮಪ್ಪ ಹೋಗುತ್ತಿರಲಿಲ್ಲ. ತಾತ ಎತ್ತಿನ ಬಾಯಿ ಬಿಡಿಸಿ ಹಲ್ಲು ಎಣಿಸುತ್ತಿದ್ದರು, ಸುಳಿ ನೋಡುತ್ತಿದ್ದರು, ಹತ್ತು ಹೆಜ್ಜೆ ನಡೆಸಿ ಹಿಂದಿನಿಂದ ಕಣ್ಣು ಕಿರಿದು ಮಾಡುತ್ತಿದ್ದರು. ಆಮೇಲೆ ಟವೆಲ್ ಮುಚ್ಚಿ ದಲ್ಲಾಳಿಯ ಬೆರಳು ಹಿಡಿದು ಬೆಲೆ ಮುರಿಯುತ್ತಿದ್ದರು. ಊರಿನ ಅರ್ಧ ಜೋಡಿಗಳು ತಾತ ಆರಿಸಿದವೇ. ತಾತನ ಕೊಟ್ಟಿಗೆಯಲ್ಲಿ ಮಾತ್ರ ಎತ್ತಿರಲಿಲ್ಲ, ಒಂದು ಮೇಕೆ ಇತ್ತು.

ಬಿಲ್ಡಣ್ಣನ ಸ್ವಂತ ಕಂಪ್ಯೂಟರಿನ ಕಥೆಯೂ ಅದೇ. ಹತ್ತು ವರ್ಷದ ಹಳೆಯದು. ಪಕ್ಕದ ಬಾಗಿಲು ಕಳಚಿಟ್ಟು ಎಷ್ಟು ಕಾಲವಾಯಿತೋ, ಅದಕ್ಕೆ ಎದುರಾಗಿ ಟೇಬಲ್ ಫ್ಯಾನು ತಿರುಗುತ್ತಿರುತ್ತದೆ. ಹೊಸದು ಯಾವಾಗ ಎಂದು ಕೇಳಿ ನೋಡಿ.

“ತಡೀರಿ ಮೇಷ್ಟ್ರೆ.”

ಇದು ಅವನ ಮೂಲಮಂತ್ರ, ತನಗೂ ಇದೇ, ಗಿರಾಕಿಗೂ ಇದೇ. 2021ರಲ್ಲಿ ಕೇಳಿದವರಿಗೆ, “ತಡೀರಿ, ಗ್ರಾಫಿಕ್ಸ್ ಕಾರ್ಡ್‌ನೆಲ್ಲ ಕ್ರಿಪ್ಟೋದವ್ರು ಗಣಿಗಾರಿಕೆಗೆ ಕಟ್ಕಂಡವ್ರೆ” ಎಂದ. ಸುಳ್ಳಲ್ಲ, ಆಗ ಕಾರ್ಡಿನ ಬೆಲೆ ಕೇಳಿದರೆ ಎದೆ ಒಡೆಯುತ್ತಿತ್ತು. 2022ರ ಸೆಪ್ಟೆಂಬರಿನಲ್ಲಿ ಈಥೀರಿಯಂನ ಆ ಗಣಿಗಾರಿಕೆ ನಿಂತುಹೋಯಿತು, ಬೆಲೆ ಇಳಿಯುವ ಹಾದಿಯಲ್ಲಿತ್ತು. ಈಗ ಕೊಳ್ಳೋಣವೇ? “ತಡೀರಿ, ಈ ತಿಂಗ್ಳು ರೈಜೆನ್‌ಗೆ ಎಎಂ5 ಅಂತ ಹೊಸ ಸಾಕೆಟ್ ಬಂದೈತೆ. ಅದುಕ್ಕೆ ಡಿಡಿಆರ್5 ರ‍್ಯಾಮೇ ಬೇಕು, ಅದರ ರೇಟು ಇಳೀಲಿ.” ಅದೂ ಇಳಿಯಿತು. ಅಷ್ಟರಲ್ಲಿ ಎನ್‌ವಿಡಿಯಾದ 50ರ ಸರಣಿಯ ಕಾರ್ಡು ಬರುವುದಿತ್ತು. 2025ರ ಜನವರಿಯಲ್ಲಿ ಬಂತು, ಅದು ಅಗ್ಗವಾಗಲೆಂದು ತಡೆದರು. ವರ್ಷದ ಕೊನೆಗೆ ನೋಡಿದರೆ ಎಐ ಡೇಟಾ ಸೆಂಟರಿನವರು ರ‍್ಯಾಮನ್ನು ಕಣದಲ್ಲೇ ಸಗಟಾಗಿ ಎತ್ತಿಬಿಟ್ಟಿದ್ದಾರೆ, ರೇಟು ಮಧುಗಿರಿ ಬೆಟ್ಟ ಹತ್ತಿ ಕೂತಿದೆ. ಇಷ್ಟಾದರೂ ಯಾರೂ ಬಿಲ್ಡಣ್ಣನ ಮೇಲೆ ಸಿಟ್ಟಾಗಲಿಲ್ಲ. ಮಳೆಗೆ ಕಾಯ್ದು ಅಭ್ಯಾಸವಿರುವ ಸೀಮೆ ನಮ್ಮದು.

ತಡೆಯದೆ ಕೊಂಡವರು ನಮ್ಮ ಭಾವ ಒಬ್ಬರೇ, 2023ರ ಬೇಸಿಗೆಯಲ್ಲಿ.

ಭಾವನವರದು ಪಾವಗಡ ತಾಲ್ಲೂಕಿನ ತಿರುಮಣಿ ಕಡೆಯ ಹಳ್ಳಿ. ಮಳೆ ಬಂದ ವರ್ಷ ಕಡ್ಲೆಕಾಯಿ, ಬರದ ವರ್ಷ ಸಾಲ. ಆಮೇಲೆ ಸೋಲಾರ್ ಪಾರ್ಕು ಬಂತು: 13 ಸಾವಿರ ಎಕರೆ, 2,050 ಮೆಗಾವಾಟು. ಎಕರೆಗೆ ವರ್ಷಕ್ಕೆ 21 ಸಾವಿರದಿಂದ ಶುರುವಾದ ಗುತ್ತಿಗೆ. ಬಿಸಿಲೇ ಬೆಳೆಯಾದ ಮೇಲೆ ಬೆಳೆ ಹೋಗುವ ಭಯವಿಲ್ಲ. ಆ ದುಡ್ಡಿನ ಮೇಲೆ ಅಕ್ಕನ ಮಗನ ಕಣ್ಣು ಬಿತ್ತು. ಪಿಯುಸಿ ಮುಗಿಸಿದ್ದ.

“ಮಾವ, ಎಂಜಿನಿಯರಿಂಗ್‌ಗೆ ಗೇಮಿಂಗ್ ಪಿಸಿನೇ ಬೇಕು. ಥ್ರೀಡಿ ಡ್ರಾಯಿಂಗ್ ಇರ್ತದೆ.”

ಆ ಥ್ರೀಡಿ ಡ್ರಾಯಿಂಗನ್ನು ನಾನು ಆಮೇಲೆ ನೋಡಿದೆ. ಅದರಲ್ಲಿ ಒಬ್ಬ ಬಂದೂಕು ಹಿಡಿದು ಮನೆಮನೆ ನುಗ್ಗುತ್ತಿದ್ದ.

ಭಾವ 80 ಸಾವಿರ ಎಂದರು. ಬಿಲ್ಡಣ್ಣ ಪಹಣಿಯ ಹಿಂಬದಿಯಲ್ಲಿ ಪಟ್ಟಿ ಬರೆದ. ರೈಜೆನ್ 5 5600, ಬಿ550 ಬೋರ್ಡು, 12 ಜಿಬಿಯ ಆರ್‌ಟಿಎಕ್ಸ್ 3060, ಒಂದು ಟಿಬಿ ಎಸ್‌ಎಸ್‌ಡಿ. ರ‍್ಯಾಮ್ ಮಾತ್ರ ಎಂಟೆಂಟು ಜಿಬಿಯ ಎರಡು.

“ಹದಿನಾರರದ್ದು ಒಂದೇ ತಗಂಡ್ರೆ ಆಗಲ್ವೇನಯ್ಯಾ?” ಎಂದರು ಭಾವ.

“ಒಂದೇ ಎತ್ತು ಕಟ್ಟಿ ಗಾಡಿ ಹೊಡೀತೀರಾ ಯಜಮಾನ್ರೆ? ಎರಡಿದ್ರೆ ಡ್ಯುಯಲ್ ಚಾನಲ್ಲು. ಅದೂ ಎರಡನೇ ತೂತು, ನಾಲ್ಕನೇ ತೂತು, ಅಲ್ಲಿಗೇ ಹಾಕ್ಬೇಕು. ಪಕ್ಕಪಕ್ಕ ಕಟ್ಟಿದ್ರೆ ನೊಗ ಕೂರಲ್ಲ.”

ಭಾವನಿಗೆ ಪಟ್ಟನೆ ತಲೆಗೆ ಹೋಯಿತು. ಮಗ ಪ್ರೊಸೆಸರಿನಲ್ಲಿ ಉಳಿಸಿ ಇನ್ನೂ ದೊಡ್ಡ ಕಾರ್ಡು ಹಾಕಿಸೋಣ ಎಂದಾಗ ಭಾವನೇ, “ಒಂದು ಹಳ್ಳಿಕಾರ್, ಒಂದು ಬಡಕಲು ಕಟ್ಟಿದ್ರೆ ಗಾಡಿ ಸುತ್ತು ಹೊಡೀತದೆ ಕಣೋ” ಎಂದುಬಿಟ್ಟರು. ಬಾಟಲ್‌ನೆಕ್ ಎಂಬ ಮಾತನ್ನು ಬಿಲ್ಡಣ್ಣ ಇಂಗ್ಲಿಷಿನಲ್ಲಿ ಹೇಳಿಕೊಡುತ್ತಿದ್ದುದು ಅಂದಿಗೆ ನಿಂತಿತು. ಈಗ ಎಲ್ಲರಿಗೂ ಹಳ್ಳಿಕಾರಿನ ಉದಾಹರಣೆಯನ್ನೇ ಕೊಡುತ್ತಾನೆ, ತನ್ನದೇ ಎಂಬಂತೆ. ಹುಡುಗ ಬಣ್ಣಬಣ್ಣದ ಲೈಟಿನ ಫ್ಯಾನು ಕೇಳಿದ್ದಕ್ಕೆ, “ಲೈಟ್ ನೋಡ್ಬೇಕಂದ್ರೆ ದಂಡಿನ ಮಾರಮ್ಮನ ಜಾತ್ರೆಗೆ ಬಾ. ಆ ದುಡ್ಡು ಎಸ್‌ಎಂಪಿಎಸ್‌ಗೆ ಹಾಕು” ಎಂದು ಬಾಯಿ ಮುಚ್ಚಿಸಿದ.

ಎಸ್‌ಎಂಪಿಎಸ್ ಎಂದರೆ ಒಳಗಿನ ಕರೆಂಟಿನ ಡಬ್ಬ. ಬಿಲ್ಡಣ್ಣನ ಭಕ್ತಿ ಎಲ್ಲ ಇದರ ಮೇಲೆ, ಮತ್ತು ಇದೊಂದರಲ್ಲಿ ಅವನದು ನೂರಕ್ಕೆ ನೂರು ಸರಿ ಎಂದು ನಾನೂ ಒಪ್ಪುತ್ತೇನೆ. ಮಿಕ್ಕ ಸಾಮಾನು ಕೆಟ್ಟರೆ ಅದೊಂದೇ ಕೆಡುತ್ತದೆ. ಅಗ್ಗದ ಎಸ್‌ಎಂಪಿಎಸ್ ಹೋಗುವಾಗ ನೆಂಟರಿಷ್ಟರನ್ನೂ ಕರೆದುಕೊಂಡು ಹೋಗುತ್ತದೆ.

ಬೆಂಗಳೂರಿಗೆ ಹೋದೆವು. ಎಸ್.ಪಿ. ರೋಡು, ಪೂರಾ ಹೆಸರು ಸಾದರ ಪತ್ರಪ್ಪ ರಸ್ತೆ, ಕಂಪ್ಯೂಟರ್ ಸಾಮಾನಿಗೆ ಅದೇ ನಮ್ಮ ದನದ ಜಾತ್ರೆ. ಬಿಲ್ಡಣ್ಣ ಎರಡು ಕೈಯಲ್ಲಿ ಎರಡು ಎಸ್‌ಎಂಪಿಎಸ್ ಹಿಡಿದು ಕಣ್ಣು ಮುಚ್ಚಿ ತೂಗಿದ. ಬ್ರಾಂಜ್ ಸರ್ಟಿಫಿಕೇಟಿನ ಗುರುತು ನೋಡಿದ, ಡಬ್ಬದ ಸೀಲು ನೋಡಿದ. ಆಮೇಲೆ ವ್ಯಾಪಾರ. ಇಲ್ಲಿ ಟವೆಲ್ ಇಲ್ಲ, ಕ್ಯಾಲ್ಕುಲೇಟರ್. ಅಂಗಡಿಯವನು ಒಂದು ಅಂಕಿ ಒತ್ತಿ ಇವನ ಕಡೆ ತಿರುಗಿಸಿದ, ಇವನು ಅಳಿಸಿ ಬೇರೆ ಅಂಕಿ ಒತ್ತಿ ಅವನ ಕಡೆ ತಿರುಗಿಸಿದ. ಇಬ್ಬರೂ ಮಾತಾಡಲಿಲ್ಲ. ಆರು ಸುತ್ತು ಆದ ಮೇಲೆ ಅಂಗಡಿಯವನು ಟೀ ತರಿಸಿದ. ಟೀ ಬಂತೆಂದರೆ ವ್ಯಾಪಾರ ಕುದುರಿತು ಎಂದು ಅರ್ಥವಂತೆ.

ವಾಪಸು ಬಸ್ಸಿನಲ್ಲಿ ಭಾವ ಗ್ರಾಫಿಕ್ಸ್ ಕಾರ್ಡನ್ನು ತೊಡೆಯ ಮೇಲಿಟ್ಟುಕೊಂಡು ಕೊರಟಗೆರೆ ದಾಟುವವರೆಗೂ ಅಲುಗಲಿಲ್ಲ. ಮಧುಗಿರಿಯಲ್ಲಿ ಮಾತ್ರ ಒಮ್ಮೆ ಇಳಿದರು, ಕಾರ್ಡಿನ ಸಮೇತ.

ಹಳ್ಳಿಯಲ್ಲಿ ಹಜಾರದ ಚಾಪೆಯ ಮೇಲೆ ಅಸೆಂಬ್ಲಿ. ಮೊದಲು ಬಿಲ್ಡಣ್ಣ ಮೈಯಲ್ಲಿನ ಸ್ಟ್ಯಾಟಿಕ್ ಇಳಿಯಲಿ ಎಂದು ಕಿಟಕಿ ಸರಳು ಮುಟ್ಟಿದ. ಅಕ್ಕನ ಅತ್ತೆ, ನಮಗೆಲ್ಲ ಅಜ್ಜಿ, ಅದೇನೋ ಶಾಸ್ತ್ರವಿರಬೇಕೆಂದು ತಾವೂ ಮುಟ್ಟಿ ಕಣ್ಣಿಗೊತ್ತಿಕೊಂಡರು. ಎರಡು ಗಂಟೆಯಲ್ಲಿ ಎಲ್ಲ ಕೂಡಿತು. ಮಾತಾಡುತ್ತಲೇ ಮಾನಿಟರಿನ ಕೇಬಲ್ಲನ್ನೂ ಸಿಕ್ಕಿಸಿ, ಅರಿಶಿನ ಕುಂಕುಮ ಹಚ್ಚಿಸಿ, ಸ್ವಿಚ್ಚು ಒತ್ತಿದ.

ಫ್ಯಾನು ತಿರುಗಿತು. ಡಿಸ್‌ಪ್ಲೇ ಬರಲಿಲ್ಲ.

ಈ ಎರಡು ಪದದಷ್ಟು ಕಂಪ್ಯೂಟರ್ ಲೋಕದಲ್ಲಿ ಎದೆ ಕುಗ್ಗಿಸುವ ವಾಕ್ಯ ಇನ್ನೊಂದಿಲ್ಲ. ಬಿಲ್ಡಣ್ಣ ರಬ್ಬರು ತೆಗೆದ. ರ‍್ಯಾಮ್ ಉಜ್ಜಿದ, ಬರಲಿಲ್ಲ. ಒಂದನ್ನೇ ಹಾಕಿದ, ತೂತು ಬದಲಿಸಿದ, ಬರಲಿಲ್ಲ. ಸಿಮಾಸ್ ಬ್ಯಾಟರಿ ಕಿತ್ತು ಹತ್ತು ನಿಮಿಷ ಬಿಟ್ಟು ಹಾಕಿದ. ಕಾರ್ಡು ಬಿಚ್ಚಿ ಊದಿ ಹಾಕಿದ. ಬೋರ್ಡಿನ ಮೂಲೆಯಲ್ಲಿ ನಾಲ್ಕು ಪುಟ್ಟ ದೀಪಗಳಿರುತ್ತವೆ: ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್, ಬೂಟ್, ಯಾವುದರಲ್ಲಿ ತಕರಾರೋ ಅದು ಉರಿಯುತ್ತಲೇ ಇರುತ್ತದೆ. ನಾಲ್ಕೂ ಒಂದೊಂದು ಸಲ ಮಿನುಗಿ ಆರಿಹೋದವು.

“ಅಂದ್ರೆ ಕಾಯಿಲೆ ಇಲ್ಲ ಅಂತ ಅಲ್ವೇನಯ್ಯಾ?” ಎಂದೆ.

“ಕಾಯಿಲೆ ಗೊತ್ತಾಗ್ತಿಲ್ಲ ಅಂತ, ಮೇಷ್ಟ್ರೆ” ಎಂದು ಪ್ರೊಸೆಸರನ್ನೂ ಬಿಚ್ಚಿದ.

ಮತ್ತೆ ಜೋಡಿಸುವ ಹೊತ್ತಿಗೆ ಕರೆಂಟು ಹೋಯಿತು. ಆಚೆ 13 ಸಾವಿರ ಎಕರೆ ಗಾಜಿನ ಹಲಗೆ ಬೆಳ್ದಿಂಗಳಲ್ಲಿ ಮಿರಮಿರ ಮಿಂಚುತ್ತಿತ್ತು. ಒಳಗೆ ನಾವು ಮೊಬೈಲ್ ಟಾರ್ಚಿನ ಬೆಳಕಲ್ಲಿ ಕಡ್ಲೆಕಾಯಿ ಬಿಡಿಸುತ್ತ ಕೂತೆವು. ಬಿಲ್ಡಣ್ಣ ಟಾರ್ಚು ಹಿಡಿದು ಕ್ಯಾಬಿನೆಟ್ಟಿನ ಹಿಂದಕ್ಕೆ ತೆವಳಿದ. ಅಲ್ಲೇ ಸ್ವಲ್ಪ ಹೊತ್ತು ಸುಮ್ಮನಾದ. ಆಮೇಲೆ ನಿಧಾನಕ್ಕೆ ಮಾನಿಟರಿನ ಕೇಬಲ್ಲನ್ನು ಮದರ್‌ಬೋರ್ಡಿನ ತೂತಿನಿಂದ ಕಿತ್ತು ಕೆಳಗಿನ ಗ್ರಾಫಿಕ್ಸ್ ಕಾರ್ಡಿನ ತೂತಿಗೆ ಸಿಕ್ಕಿಸಿದ. 5600ರ ಒಳಗೆ ಗ್ರಾಫಿಕ್ಸ್ ಇಲ್ಲ. ಬೋರ್ಡಿನಲ್ಲಿ ತೂತು ಇದ್ದರೂ ಅದು ಬತ್ತಿದ ಬೋರ್‌ವೆಲ್ಲು. ಅದಕ್ಕೆ ಪೈಪು ಹಾಕಿಕೊಂಡು ಮೂರು ಗಂಟೆ ನೀರಿಗೆ ಕಾದಿದ್ದೆವು. ಹಿಂತಿರುಗಿ ನೋಡಿದವನು ನನ್ನ ಕಣ್ಣಿಗೆ ಸಿಕ್ಕಿಬಿದ್ದ. ನಾನು ಕಡ್ಲೆಕಾಯಿ ನೋಡಿದೆ.

ಕರೆಂಟು ಬಂತು, ಡಿಸ್‌ಪ್ಲೇ ಬಂತು, ಅಜ್ಜಿ ಚಪ್ಪಾಳೆ ತಟ್ಟಿದರು.

“ರ‍್ಯಾಮ್ ಸರಿಯಾಗ್ ಕೂತಿರ್ಲಿಲ್ಲ” ಎಂದ ಬಿಲ್ಡಣ್ಣ.

ದುಡ್ಡು ತೆಗೆದುಕೊಳ್ಳಲಿಲ್ಲ. ಯಾವತ್ತೂ ತೆಗೆದುಕೊಳ್ಳುವುದಿಲ್ಲ, ಊಟ ಸಾಕು. ಹೊರಡುವಾಗ ಖಾಲಿ ಡಬ್ಬಗಳನ್ನೆಲ್ಲ ಅಟ್ಟಕ್ಕೆ ಏರಿಸಿ, “ವಾರಂಟಿಗೆ ಬೇಕು, ಇಲಿ ಕಡಿಯೋ ಹಂಗಿಲ್ಲ” ಎಂದು ಅಕ್ಕನಿಗೆ ಆಜ್ಞೆ ಮಾಡಿದ. ರಾಗಿ ಮೂಟೆಗಿಂತ ಆ ಡಬ್ಬಗಳಿಗೇ ಈಗಲೂ ಹೆಚ್ಚು ಕಾವಲು.

ಮೂರನೇ ದಿನ ಹುಡುಗನ ಫೋನು. “ಮಾವ, ಕ್ಯಾಬಿನೆಟ್ ಮುಟ್ಟಿದ್ರೆ ಜುಮ್ ಅಂತೈತೆ.” ಭಾವ ಆಗಲೇ ಪಾವಗಡಕ್ಕೆ ಹೋಗಿ ಶನಿಮಹಾತ್ಮನಿಗೆ ಎಳ್ಳುಬತ್ತಿ ಹಚ್ಚಿ ಬಂದಿದ್ದರು. ಬಿಲ್ಡಣ್ಣ ಬೈಕಿನಲ್ಲಿ ಬಂದು ಟೆಸ್ಟರ್ ಇಟ್ಟ. ಕ್ಯಾಬಿನೆಟ್ಟಿನ ಮೈ ಮೇಲೆಯೇ ಟೆಸ್ಟರ್ ಉರಿಯಿತು.

“ಶನಿ ಅಲ್ಲ ಯಜಮಾನ್ರೆ, ಅರ್ತು. ಎಸ್‌ಎಂಪಿಎಸ್ ಒಳಗೆ ಸಣ್ಣ ಕೆಪ್ಯಾಸಿಟರ್ ಇರ್ತವೆ. ಸೋರಿದ್ ಚೂರು ಕರೆಂಟ್ ಮೂರನೇ ಪಿನ್ನಲ್ಲಿ ಭೂಮಿಗೆ ಇಳೀಬೇಕು. ದಾರಿ ಇಲ್ದಿದ್ರೆ 230ರಲ್ಲಿ ಅರ್ಧ ಡಬ್ಬದ್ ಮೇಲೇ ಕೂತಿರ್ತದೆ.”

ಪ್ಲಗ್ಗಿನ ಡಬ್ಬ ಬಿಚ್ಚಿದರೆ ಮೂರನೇ ತೂತಿಗೆ ಹಸಿರು ವೈರು ಚೆನ್ನಾಗಿಯೇ ಕೊಟ್ಟಿತ್ತು. ಅದರ ಇನ್ನೊಂದು ತುದಿ ಗೋಡೆಯೊಳಗೆ ಗೇಣುದ್ದ ಹೋಗಿ, ಯಾವುದಕ್ಕೂ ಸೇರದೆ, ಗಾರೆಯಲ್ಲಿ ಮಲಗಿತ್ತು. ಮನೆ ಕಟ್ಟಿದಾಗಿನಿಂದ ಮಲಗಿತ್ತು.

ಹಿತ್ತಲಲ್ಲಿ ಗುಂಡಿ ತೋಡಿ, ಪೈಪು ನೆಟ್ಟು, ಉಪ್ಪು ಇದ್ದಿಲು ತುಂಬಿ ಅರ್ತಿಂಗ್ ಮಾಡಿದ್ದಾಯಿತು. ನಮ್ಮ ಕಡೆಯ ಒಣ ಮಣ್ಣು ಬೇಸಿಗೆಯಲ್ಲಿ ಕರೆಂಟು ಕುಡಿಯುವುದಿಲ್ಲ, ಅದಕ್ಕೆ ದಿನಾ ಒಂದು ಬಿಂದಿಗೆ ನೀರು ಬಿಡಬೇಕು ಎಂದ ಬಿಲ್ಡಣ್ಣ. ಫ್ಲೋರೈಡ್ ನೀರಿನ ತಾಲ್ಲೂಕು, ಕುಡಿಯುವುದಕ್ಕೆ ಶುದ್ಧ ನೀರಿನ ಘಟಕದ ಮುಂದೆ ಕ್ಯಾನು ಹಿಡಿದು ನಿಲ್ಲುವ ಜನ. ಅಜ್ಜಿ ಸೊಂಟದ ಮೇಲೆ ಕೈಯಿಟ್ಟರು.

“ಬಾಯಿಗಿಲ್ದಿರೋ ನೀರು ಇದುಕ್ಕಾ? ಏನ್ ಬಿಡ್ತದಪ್ಪಾ ಇದು, ಹೂವಾ, ಕಾಯಾ?”

ಆದರೂ ಬೋರಿನ ನೀರು ಅರ್ಧ ಬಿಂದಿಗೆ ದಿನವೂ ಬೀಳುತ್ತಿದೆ. ಮೊದಲು ತುಳಸಿಗೆ, ಆಮೇಲೆ ಅರ್ತಿಂಗಿಗೆ. ಹಬ್ಬದ ದಿನ ಆ ಪೈಪಿಗೂ ಒಂದು ಬೊಟ್ಟು ಇರುತ್ತದೆ.

ಈ ನಾಲ್ಕು ತಾಲ್ಲೂಕಿನ ಹುಡುಗರಲ್ಲಿ ಒಂದು ವಿನಂತಿ. ಡಿಸ್‌ಪ್ಲೇ ಬರದಿದ್ದರೆ ಮೊದಲು ಹಿಂದೆ ಬಗ್ಗಿ ಕೇಬಲ್ಲು ಯಾವ ತೂತಿನಲ್ಲಿದೆ ನೋಡಿ. ಸರಿಹೋದರೂ ಬಿಲ್ಡಣ್ಣನಿಗೆ ಒಂದು ಫೋನು ಮಾಡಿ, ರ‍್ಯಾಮ್ ಕೂತಿರಲಿಲ್ಲ ಎಂದು ಹೇಳಿ.