ಟರ್ಬೊ ಸಿ ಜೊತೆ ಒಂದು ಪ್ರಾಕ್ಟಿಕಲ್

(ಡೊಂಬಿವಲಿ ಕಡೆಯ ಒಂದು ಕಾಲೇಜಿನ ಲ್ಯಾಬ್. ಮೂವರು ಹುಡುಗರಿಗೆ ಒಂದು ಕೀಬೋರ್ಡ್. ನೀಲಿ ಪರದೆಯ ಹಿರಿಯರು ಮಾತಿಗೆ ಸಿಕ್ಕರು.)

ತಮ್ಮ ಪೂರ್ವಾಪರ?

— ಟರ್ಬೊ ಸಿ++, ಸಿ++ ಭಾಷೆಯ ಪ್ರೋಗ್ರಾಮು ಬರೆದು ಓಡಿಸುವ ತಂತ್ರಾಂಶ. ಹುಟ್ಟಿದ್ದು 1990ರಲ್ಲಿ, ಅಮೆರಿಕದ ಬೋರ್ಲೆಂಡ್ ಕಂಪನಿಯಲ್ಲಿ. ಕಂಪನಿ ಎಂದೋ ಬೇರೆಯವರ ಪಾಲಾಯ್ತು, ನಾನು ಇಲ್ಲೇ ಇದ್ದೇನೆ. ಈಗಿನ ವಿಂಡೋಸ್ ನನ್ನನ್ನು ಒಳಗೆ ಬಿಡೋದಿಲ್ಲ; ಡಾಸ್‌ಬಾಕ್ಸ್ ಎಂಬ ಪುಣ್ಯಾತ್ಮ ಕರ್ಕೊಂಡು ಬರ್ತಾನೆ.

ಸಿ++ಗೆ ಅಂತರರಾಷ್ಟ್ರೀಯ ಮಾನಕ 1998ರಲ್ಲೇ ಬಂತಲ್ಲ?

— ಬಂದಿರಬಹುದು. ಲ್ಯಾಬಿನವರೆಗೆ ಬರಬೇಕಲ್ಲ ಮಾರಾಯ್ರೆ.

ಹೊಸಬರಿಗೆ ಮೊದಲ ಪಾಠ ಏನು?

— ಆರಂಭದಲ್ಲಿ ಕ್ಲಿಯರ್‌ಸ್ಕ್ರೀನ್, ಕೊನೆಯಲ್ಲಿ ಗೆಟ್‌ಸಿಎಚ್. ಯಾಕೆ ಅಂತ ಕೇಳಬಾರದು. ಒಂದು ಪರದೆ ಒರೆಸ್ತದೆ, ಇನ್ನೊಂದು ಕೀ ಒತ್ತುವ ತನಕ ಕಾಯ್ತದೆ. ಎರಡೂ ಮಾನಕದಲ್ಲಿಲ್ಲ, ನಮ್ಮ ಮನೆಯವು. ಅದು ಹುಡುಗನಿಗೆ ಗೊತ್ತಾಗೋದು ಕೆಲಸದ ಇಂಟರ್‌ವ್ಯೂ ದಿನ.

ಐದನೇ ಸಾಲಿನಲ್ಲಿ ಸೆಮಿಕೋಲನ್ ಬಿಟ್ಟರೆ ಆರನೇ ಸಾಲನ್ನು ತೋರಿಸುತ್ತೀರಂತೆ!

— ಐದು ಮುಗಿದಿಲ್ಲ ಅಂತ ನನಗೆ ತಿಳಿಯೋದೇ ಆರಕ್ಕೆ ಕಾಲಿಟ್ಟ ಮೇಲೆ. ಹುಡುಗ ಆರನೇ ಸಾಲನ್ನೇ ಅರ್ಧ ಗಂಟೆ ದಿಟ್ಟಿಸ್ತಾನೆ. ಏನಾದರೂ ಕಲಿಯೋದಿದ್ದರೆ ಆ ಅರ್ಧ ಗಂಟೆಯಲ್ಲೇ. ಅಷ್ಟರಲ್ಲಿ ಪಕ್ಕದವನು ಪೆನ್‌ಡ್ರೈವ್ ದಾಟಿಸ್ತಾನೆ.

ಮನೆ ಬಾಡಿಗೆ ಲೆಕ್ಕ ಹಾಕಬಲ್ಲಿರಾ?

— ನನ್ನ ‘ಇಂಟ್’, ಅಂದರೆ ಪೂರ್ಣಾಂಕ ಇಡುವ ಡಬ್ಬಿ, 32767ಕ್ಕೆ ಮುಗೀತದೆ. ಘಾಟ್‌ಕೋಪರಿನ 40000 ರೂಪಾಯಿ ಬಾಡಿಗೆ ತುಂಬಿಸಿದರೆ ಮೈನಸ್ 25536 ಅಂತೇನೆ. ಮಾಲೀಕರೇ ನಿಮಗೆ ಕೊಡಬೇಕು!

ಇಲ್ಲೇ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು 1960ರ ಹೊತ್ತಿಗೇ ಕಂಪ್ಯೂಟರನ್ನೇ ಕಟ್ಟಿ ನಿಲ್ಲಿಸಿದ್ದರು.

— ಟಿಫ್ರಾಕ್! ನೆಹರೂ ಹೆಸರಿಟ್ಟ ಕೂಸು. ಅವರಿಗೆ ನಕಲು ಮಾಡಲು ಹಳೇ ಜರ್ನಲ್ ಸಿಕ್ಕಿರಲಿಲ್ಲ ನೋಡಿ.

ಜರ್ನಲ್ ಎಂದರೆ?

— ಒಂದು ಪುಟದಲ್ಲಿ ಪ್ರೋಗ್ರಾಮು, ಎದುರು ಪುಟದಲ್ಲಿ ಔಟ್‌ಪುಟ್, ಎಲ್ಲ ಕೈಬರಹ. ರನ್ ಮಾಡುವ ಮೊದಲೇ ಔಟ್‌ಪುಟ್ ಬರೆದಾಗಿರ್ತದೆ, ಸರ್ ಸಹಿಯೂ ಬಿದ್ದಿರ್ತದೆ. ಇಷ್ಟು ವೇಗದ ಯಂತ್ರ ಅಮೆರಿಕದಲ್ಲೂ ಇಲ್ಲ.

ಪೊವಾಯಿಯ ಐಐಟಿಯ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಕನ್ನಡದಲ್ಲೇ ಪಾಠಗಳಿವೆ, ಪುಕ್ಕಟೆ. ನೋಡುತ್ತಾ ಜೊತೆಜೊತೆಗೆ ಮಾಡಬೇಕು.

— ಮಾಡಬೇಕಾ? ಹಾಜರಿ ಯಾರು ಕೊಡ್ತಾರೆ?

ಈಗ ಎಲ್ಲೆಲ್ಲೂ ಪೈಥಾನ್. ಹೆದರಿಕೆಯಿಲ್ಲವೇ?

— ಅದನ್ನೂ ಜರ್ನಲಿಗೆ ಇಳಿಸ್ತಾರೆ ಬಿಡಿ. ಅದರಲ್ಲಿ ಸಾಲಿನ ಮುಂದೆ ಬಿಡುವ ಖಾಲಿ ಜಾಗಕ್ಕೂ ಅರ್ಥವಿದೆಯಂತೆ. ಮಕ್ಕಳು ಸ್ಕೇಲ್ ತರಬೇಕಾಗ್ತದೆ.